ಮುಸುಕು ಎತ್ತುವ ಕೈ ಯಾರದು?

ನ್ಯೂಫೌಂಡ್‌ಲ್ಯಾಂಡ್‌ನ ನಮ್ಮ ಮೀನುಗಾರರ ಕೊಲ್ಲಿಗೆ, ನೊಂದ ಹೆಂಗಸರನ್ನು ಸಂತೈಸಲೆಂದು ಬಂದಿರುವ ಮಾನ್ಯ ಅಧಿಕಾರಿಯವರೇ,

ನಿಮ್ಮ ಕೇಂದ್ರದ ಮಕ್ಕಳನ್ನು ನೋಡಿಕೊಳ್ಳುವ ಕೆಲಸವನ್ನು ನನ್ನ ಮೊಮ್ಮಗಳು ರೊವೀನಾ ಕೇಳಿದಳು. ಶನಿವಾರದ ಸಮಾರಂಭದಲ್ಲಿ ವೇದಿಕೆ ಹತ್ತಿ, ತಾನು ಬಿಟ್ಟುಬಂದ ಗಂಡ ಮಾಡಿದ್ದನ್ನೆಲ್ಲ ಹೇಳಿದರೆ ಮಾತ್ರ ಕೆಲಸ ಎಂದಿರಿ. ಹೇಳದವಳ ಗಾಯ ಮಾಗಿಲ್ಲವಂತೆ! ಮಾಗಿದೆಯೋ ಇಲ್ಲವೋ ನೋಡಲು ಪಟ್ಟಿ ಬಿಚ್ಚಿ ಊರಿಗೆಲ್ಲ ತೋರಿಸುವ ವೈದ್ಯವನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ, ತಾಯಿ?

ಕಳೆದ ಕ್ರಿಸ್‌ಮಸ್ಸಿನಲ್ಲಿ ನನ್ನ ಅಡುಗೆಮನೆಗೆ ಬಂದಿದ್ದಿರಿ, ನೆನಪಿದೆಯೆ? ನಮ್ಮೂರ ಹಬ್ಬದ ವಾಡಿಕೆಯಂತೆ ವೇಷದವರು ಬಾಗಿಲು ಬಡಿದರು. ಮುಖಕ್ಕೆ ದಿಂಬಿನ ಚೀಲ, ಗಂಡಸರಿಗೆ ಲಂಗ, ಹೆಂಗಸರಿಗೆ ದೋಣಿಯ ಕೋಟು. ಅವರು ಪಿಟೀಲಿಗೆ ಕುಣಿಯಬೇಕು, ಒಳಗಿರುವುದು ಯಾರೆಂದು ನಾವು ಊಹಿಸಬೇಕು. "ಈ ಸೊಂಟ ನಮ್ಮೂರಿಂದಲ್ಲ ಕಣ್ರೋ, ಆಮದು ಮಾಲು!" ಎಂದು ನಾನು ರೇಗಿಸುತ್ತಿದ್ದೆ. ಹೆಸರು ಸರಿಯಾಗಿ ಹೇಳಿದರೆ ವೇಷದವರೇ ಮುಸುಕು ಎತ್ತುತ್ತಾರೆ. ನೀವೋ, ಬಾಯಲ್ಲಿ ನನ್ನ ದ್ರಾಕ್ಷಿ ಕೇಕು ಇರುವಾಗಲೇ ಎದ್ದು ಒಂದು ಮುಸುಕನ್ನು ಸರಕ್ಕನೆ ಕಿತ್ತಿರಿ. ಒಳಗೆ ಹೆಂಡತಿಯ ರಾತ್ರಿಯಂಗಿ ತೊಟ್ಟ ಮುದುಕ ಆಂಬ್ರೋಸ್, ಹಲ್ಲಿನ ಸೆಟ್ಟೂ ಇಲ್ಲದೆ. ಪಿಟೀಲು ನಿಂತೇ ಹೋಯಿತು.

"ಹೆಸ್ರು ಹೇಳಿದ್ರೆ ನಾನೇ ತೆಗೀತಿದ್ನಲ್ಲಮ್ಮ," ಎಂದು ಕೇಕು ಮುಟ್ಟದೆ ಹೊರಟುಹೋದ.

ಈಗ ಅದೇ ಕೈ ರೊವೀನಾಳ ಕಡೆ ಚಾಚಿದೆ. ಅವಳು ಯಾರಿಗೂ ಹೇಳಿಲ್ಲವೆಂದು ನಿಮಗೆ ಹೇಳಿದವರಾರು? ನನ್ನ ಪಕ್ಕ ಕೂತು ಮೀನು ಸೀಳುತ್ತಾ, ಮೀನಿನ ಮುಖ ನೋಡಿಕೊಂಡೇ ಎಲ್ಲ ಹೇಳಿದಳು. ಊರಿಗೆ ಹೇಳುವುದು ಯಾಕೆ ಬೇಡ ಎಂದರೆ, "ಅಜ್ಜೀ, ಆಮೇಲೆ ಇಸ್ಪೀಟಲ್ಲಿ ನಾನು ಮೋಸ ಮಾಡಿದ್ರೂ ಯಾರೂ ಬಯ್ಯಲ್ಲ, 'ಪಾಪ' ಅಂತಾರೆ. ನಂಗೆ ಬೈಸ್ಕೊಂಡೇ ಆಡ್ಬೇಕು," ಎಂದು ನಕ್ಕಳು.

ನೆರೆಮನೆಯ ಹಲ್ಡಾ ಇಂಥದೇ ತನ್ನ ಕಥೆಯನ್ನು ಚರ್ಚಿನ ಮೆಟ್ಟಿಲ ಮೇಲೆ ನಿಂತು ಸಾರಿದಳು, ಹಗುರಾದಳು. ನಾವೆಲ್ಲ ಬೆನ್ನಿಗೆ ನಿಂತೆವು. ಅದು ಅವಳ ಮುಸುಕು, ಅವಳ ಕೈ. ಹಲ್ಡಾ ಧೈರ್ಯವಂತೆಯಾದರೆ ರೊವೀನಾ ಹೇಡಿಯೇ ಆಗಬೇಕೆ?

ಈ ಪತ್ರವನ್ನೂ ರೊವೀನಾ ಓದಿ, ತನಗೆ ಬೇಡವೆನಿಸಿದ ಸಾಲುಗಳನ್ನು ಹೊಡೆದುಹಾಕಿದ್ದಾಳೆ. ಉಳಿದಷ್ಟು ನಿಮಗೆ.

ಆದ್ದರಿಂದ, ಮಕ್ಕಳು ಅವಳ ಹೆಗಲೇರುತ್ತಾರೋ ಇಲ್ಲವೋ ನೋಡಿ ಕೆಲಸ ಕೊಡಿ. ವೇದಿಕೆಯನ್ನು ಹತ್ತಬೇಕೆನಿಸಿದವರಿಗೆ ಬಿಡಿ. ಮಾತಾಡುವವರು ಸಾಲದಿದ್ದರೆ ನಾನೇ ಬರುತ್ತೇನೆ. ನನ್ನ ಮುಸುಕಿನೊಳಗೂ ಒಂದು ಕಥೆಯಿದೆ. ಅದನ್ನು ಕೇಳಬೇಕಾದವರು ಕೇಳಿಯಾಗಿದೆ. ನಿಮ್ಮ ಸಭೆಗೆ ಆ ರಾತ್ರಿಯಂಗಿಯ ಕಥೆ ಹೇಳುತ್ತೇನೆ, ಮುಸುಕು ಕಿತ್ತವರ ಹೆಸರಿನ ಸಮೇತ. ಆಂಬ್ರೋಸನನ್ನು ಕೇಳಿದ್ದೇನೆ. ಒಪ್ಪಿದ್ದಾನೆ. ಈ ಸಲ ಹಲ್ಲು ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂರುತ್ತಾನಂತೆ.

ಇಂತಿ,
ಮೂರನೇ ತರಗತಿಗೇ ಶಾಲೆ ಬಿಟ್ಟು, ಬಾಯಿ ಮುಚ್ಚಲು ಇನ್ನೂ ಕಲಿಯುತ್ತಿರುವ
ಟ್ರೈಫೀನಾ ಅಜ್ಜಿ