ದಿಬ್ಬದ ಮರೆಯ ಗೇಟ್

ಬುರ್ಗಿ,

ನೀನು ಮಣ್ಣು ಸೇರಿ ನಾಲ್ಕು ತಿಂಗಳಾಯಿತು, ಆದರೂ ವರದಿ ಒಪ್ಪಿಸುತ್ತೇನೆ. ಇಂದಿನ ಹುಡುಗಿಯರ ಸ್ಕೀ ಸ್ಪರ್ಧೆಯಲ್ಲಿ ಎರಡನೇ ಓಟಕ್ಕೆ ಗೇಟ್ ನೆಡುವ, ಅಂದರೆ ಹಿಮದ ಇಳಿಜಾರಿನಲ್ಲಿ ಎಲ್ಲೆಲ್ಲಿ ತಿರುಗಬೇಕೆಂದು ಜೋಡಿ ಕೋಲು ನೆಟ್ಟು ಗುರುತಿಸುವ, ಸರದಿ ನನ್ನದಾಗಿತ್ತು. ಹನ್ನೊಂದು ವರ್ಷದ ಹಿಂದೆ ನೀನು ದಿಬ್ಬದ ಮರೆಯಲ್ಲೊಂದು ಗೇಟ್ ನೆಟ್ಟು, ಗುಟ್ಟನ್ನು ನೀನು ತರಬೇತಿ ಕೊಟ್ಟ ಹುಡುಗಿಯರಿಗಷ್ಟೇ ಹೇಳಿದ್ದೆ. ನನ್ನ ಮಗಳು ಎಲ್ಫಿಯ ಮಂಡಿ ಮುರಿದದ್ದು ಅಲ್ಲೇ. ಇಂದು ನಾನೂ ಅದೇ ಜಾಗದಲ್ಲಿ ನೆಟ್ಟೆ, ನಿನ್ನ ಮಗಳು ವೆರೆನಾಳಿಗಾಗಿ. ನಿಯಮದಲ್ಲಿ ತಡೆಯಿಲ್ಲ, ಅದನ್ನೂ ನಿನ್ನಿಂದಲೇ ಕಲಿತೆ.

ಓಟಕ್ಕೆ ಮೊದಲು ಹುಡುಗಿಯರು ಹಾದಿ ನೋಡಿಕೊಳ್ಳುತ್ತ ಮೆಲ್ಲಗೆ ಜಾರಿ ಇಳಿದರು. ವೆರೆನಾ ದಿಬ್ಬದ ಬಳಿ, ನನ್ನ ಪಕ್ಕದಲ್ಲೇ ನಿಂತಳು.

"ಮಿಟ್ಸಿ ಆಂಟಿ, ಇದು ನಮ್ಮಮ್ಮನ ಗೇಟ್ ಅಲ್ವಾ?"

"ನಿಮ್ಮಮ್ಮ ತನ್ನ ಹೆಸರಿಗೆ ಬರೆಸ್ಕೊಂಡಿದ್ಲಾ ಇದನ್ನ?"

ಅವಳು ನಕ್ಕು ಮೇಲೆ ತಿರುಗಿ ಕೂಗಿದಳು: "ಎಲ್ರೂ ಕೇಳ್ರೇ, ದಿಬ್ಬದ ನೆತ್ತೀಲೇ ತಿರುಗ್ಬಿಡಿ. ದಾಟಿದ್ಮೇಲೆ ತಿರುಗಿದ್ರೆ ಮಂಡಿ ಹೋಗತ್ತೆ." ಆಮೇಲೆ ನನಗಷ್ಟೇ ಕೇಳುವಂತೆ, "ಇಂಥ ಗೇಟ್ ಸಿಕ್ಕಿದ್ರೆ ಎಲ್ರಿಗೂ ಹೇಳು ಅಂತ ಆಸ್ಪತ್ರೇಲಿ ಅಮ್ಮ ಮಾತು ತಗೊಂಡಿದ್ಲು" ಅಂದಳು.

ಮೂವತ್ತು ಹುಡುಗಿಯರಲ್ಲಿ ಒಬ್ಬಳೂ ಬೀಳಲಿಲ್ಲ. ನೀನು ನನ್ನ ಸೇಡನ್ನೂ ಕೆಡಿಸಿ ಹೋದೆ. ನಮ್ಮಿಬ್ಬರ ಮನೆಗಳ ನಡುವೆ ದಾಟಬೇಕಿದ್ದದ್ದು ಒಂದೇ ಸೇತುವೆ, ಬುರ್ಗಿ. ಆ ಮಾತನ್ನು ನೀನೇ ಬಂದು ನನಗೆ ಹೇಳಬಹುದಿತ್ತು. ಆಸ್ಪತ್ರೆಯ ದಾರಿ ನನಗೂ ಗೊತ್ತಿತ್ತು ಅಂತ ಮಾತ್ರ ಅನ್ನಬೇಡ.

ಮಿಟ್ಸಿ