ನಾಲ್ಕು ಬೆರಳು ಎತ್ತರದ ಅಪರಾಧ

ಮಾನ್ಯ ಮಾಮಲೇದಾರ ಸಾಹೇಬರೇ,

ಬೆನ್ನು ನೆಟ್ಟಗಾದ ತಪ್ಪಿಗೆ ತಾವು ಒಬ್ಬ ಮನುಷ್ಯನಿಗೆ ಮೆಮೋ ಕೊಟ್ಟಿದ್ದೀರಿ. ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ. ತಮ್ಮ ಕಚೇರಿಯಲ್ಲಿ ಕಾಗದಗಳ ನಕಲು ಬರೆಯುವ ಕಾರಕೂನ ನಾಗಪತಿ ಹೆಗಡೆಯವರು, ನೆಲದ ಮೇಲೆ ಕೂತು ಬರೆಯುವ ತಮ್ಮ ಡೆಸ್ಕಿನ ಕೆಳಗೆ ಹಲಸಿನ ಹಲಗೆಯ ಎರಡು ತುಂಡು ಇಟ್ಟುಕೊಂಡಿದ್ದಾರೆ. ಬರುವ ಸೋಮವಾರ ಮಧ್ಯಾಹ್ನದೊಳಗೆ ಅವನ್ನು ತೆಗೆಯದಿದ್ದರೆ ಅವರನ್ನೇ ಕೆಲಸದಿಂದ ತೆಗೆಯುವುದಾಗಿ ಹುಕುಂ ಆಗಿದೆ. ಹಲಗೆ ತೆಗೆದರೆ ಅವರ ಬಲಗೈ ಹೋಗುತ್ತದೆ. ತೆಗೆಯದಿದ್ದರೆ ಕೆಲಸ ಹೋಗುತ್ತದೆ. ಇಂಥ ನ್ಯಾಯ ಬ್ರಿಟಿಷರು ಬಿಟ್ಟುಹೋದದ್ದೋ, ನಾವೇ ಕಂಡುಹಿಡಿದದ್ದೋ, ತಾವೇ ಹೇಳಬೇಕು.

ಈ ಕಚೇರಿ ಹೊನ್ನಾವರದ್ದೋ ಕುಮಟೆಯದೋ ಎಂದು, ಪತ್ರಿಕೆಯಲ್ಲಿ ಅಚ್ಚಾಗುವ ಈ ಪತ್ರದಲ್ಲಿ ನಾನು ಬರೆಯುವುದಿಲ್ಲ. ಎರಡು ಊರಿನ ಸಾಹೇಬರೂ ತಮ್ಮದೇ ಎಂದುಕೊಂಡರೆ ಎರಡು ಊರಿನ ಬೆನ್ನುಗಳಿಗೆ ಉಪಕಾರವಾದೀತು. ಭಟ್ಕಳದವರೂ ಹಾಗೆ ತಿಳಿದರೆ ಅಡ್ಡಿಯಿಲ್ಲ. ನಾನು ಇದೇ ಕಚೇರಿಯಲ್ಲಿ ಏಳು ತಿಂಗಳಿಂದ ಉಮೇದುವಾರ, ಅಂದರೆ ಸಂಬಳವಿಲ್ಲದೆ ಕೆಲಸ ಕಲಿಯುತ್ತಿರುವವನು. ಆದ್ದರಿಂದ ಮುಂದೆ ಹೇಳುವುದೆಲ್ಲ ಕಣ್ಣಾರೆ ಕಂಡದ್ದು.

ತಮ್ಮ ಕೋಣೆಯಿಂದ ತಾವು ಈಚೆ ಬರುವುದು ಕಡಿಮೆ. ಈ ಕಡೆಯ ಶಾಸ್ತ್ರ ತಮಗೆ ತಿಳಿಯದೆ ಇರಬಹುದು, ಹೇಳುತ್ತೇನೆ. ತಾವು ಕುರ್ಚಿಯ ಮೇಲೆ. ಕೆಳಗೆ ಜಮಖಾನೆಯ ಮೇಲೆ ಮೊದಲು ಕಾರಕೂನರಿಗೆಲ್ಲ ಹಿರಿಯರಾದ ಅವಲ್‌ಕಾರಕೂನರು, ಅವರ ಡೆಸ್ಕು ಒಂದು ಗೇಣು ನಾಲ್ಕು ಬೆರಳು. ಅವರ ಕೈಕೆಳಗಿನ ಕಾರಕೂನರದು ಒಂದು ಗೇಣು. ನಕಲು ಕಾರಕೂನರದು ಗೇಣಿಗೆ ಎರಡು ಬೆರಳು ಕಮ್ಮಿ. ನಮ್ಮಂಥ ಉಮೇದುವಾರರಿಗೆ ಡೆಸ್ಕೇ ಇಲ್ಲ, ತೊಡೆಯ ಮೇಲೊಂದು ಹಲಗೆ. ಇದು ಯಾವ ಕಾನೂನಿನಲ್ಲಿ ಬರೆದಿದೆ ಎಂದು ಕೇಳಿದೆ. "ಬರೆದಿಟ್ರೆ ಮಾತ್ರ ಪದ್ಧತಿಯೇನಾ? ನಿನ್ನ ಅಪ್ಪನ ಮುಂದೆ ಕಾಲು ಚಾಚಬಾರದು ಅಂತ ಎಲ್ಲಿ ಬರೆದದೆ?" ಎಂದು ಅವಲ್‌ಕಾರಕೂನರು ನನ್ನನ್ನೇ ಕೇಳಿದರು. ಒಟ್ಟಿನಲ್ಲಿ ದರ್ಜೆ ಇಳಿದ ಹಾಗೆ ಡೆಸ್ಕು ಇಳಿಯಬೇಕು, ಡೆಸ್ಕು ಇಳಿದ ಹಾಗೆ ತಲೆ ಇಳಿಯಬೇಕು. ಅತಿ ಹೆಚ್ಚು ಬರೆಯುವವನು ಅತಿ ಹೆಚ್ಚು ಬಾಗಬೇಕು. ಇದನ್ನು ಕಂಡುಹಿಡಿದ ಪುಣ್ಯಾತ್ಮ ಒಂದು ದಿನವಾದರೂ ನಕಲು ಬರೆದಿದ್ದನೆ?

ಸಂಜೆ ಐದೂವರೆಗೆ ನಮ್ಮವರೆಲ್ಲ ಸಾಲಾಗಿ ಹೊರಬಿದ್ದಾಗ ಮೀನು ಮಾರುವ ಸುಬ್ಬಿ ಬುಟ್ಟಿ ಹೊತ್ತು ಎದುರಾಗುತ್ತಾಳೆ. "ಎಂತ ಒಡೆಯಾ, ಎಲ್ಲರ್ದೂ ಒಟ್ಟಿಗೇ ಕಳ್ದು ಹೋಯ್ತಾ? ನೆಲ ಹುಡುಕ್ತಾ ಹೋಗ್ತ್ರಲ್ಲ!" ಎನ್ನುತ್ತಾಳೆ. ಹೊರೆ ಹೊತ್ತವಳು ನೆಟ್ಟಗೆ, ಪೆನ್ನು ಹೊತ್ತವರು ಗೂನು. ನಗೆ ಬರುತ್ತದೆ, ಆದರೆ ಇದರಲ್ಲಿ ಒಂದು ಶಾಸ್ತ್ರವಿದೆ. ಬೊಂಬಾಯಿಯಿಂದ ಹೊಗೆ ಕಾರುವ ಆಗಬೋಟಿನಲ್ಲಿ ಕಡಲು ದಾಟಿ ಬಂದ ಒಂದು ಪುಸ್ತಿಕೆಯಲ್ಲಿ ಓದಿದ್ದೇನೆ. ಮನುಷ್ಯನ ತಲೆ ಸುಲಿಯದ ಮೂರು ತೆಂಗಿನಕಾಯಿಗಳಷ್ಟಾದರೂ ಭಾರ. ಅದು ಬೆನ್ನೆಲುಬಿನ ಮೇಲೆ ಸರಿಯಾಗಿ ಕೂತಿದ್ದರೆ ಎಲುಬು ಹೊರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಮುಂದಕ್ಕೆ ಜೋತುಬಿದ್ದರೆ ಕುತ್ತಿಗೆಯ ಸ್ನಾಯುಗಳೇ ದಿನವಿಡೀ ಜಗ್ಗಿ ಹಿಡಿಯಬೇಕು. ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ಒಂದು ಹರದಾರಿ ನಡೆಯಬಹುದು. ಕೈ ಚಾಚಿ ಹಿಡಿದು ಹತ್ತು ಮಾರು ನಡೆದು ತೋರಿಸಿ ನೋಡೋಣ. ನಾಗಪತಿ ಹೆಗಡೆಯವರು ಇಪ್ಪತ್ತೆರಡು ವರ್ಷ ಆ ಕೊಡವನ್ನು ಕೈ ಚಾಚಿಯೇ ಹಿಡಿದಿದ್ದರು.

ಕಳೆದ ಮಳೆಗಾಲದಲ್ಲಿ ಅವರ ಕೈಯಿಂದ ಪೆನ್ನು ಜಾರತೊಡಗಿತು. ಬಲಗೈಯ ಬೆರಳುಗಳಿಗೆ ಜೋಮು, ಭುಜದಲ್ಲಿ ಉರಿ. ಕಷಾಯ ಆಯಿತು, ದೃಷ್ಟಿ ತೆಗೆದದ್ದಾಯಿತು, ಯಾರೋ ಮಂತ್ರಿಸಿದ ಎಣ್ಣೆ ತಂದದ್ದೂ ಆಯಿತು. ಒಂದು ದಿನ ಮಾವಳ್ಳಿಯ ದುರ್ಗಪ್ಪ ತನ್ನ ಜಮೀನಿನ ಕಾಗದದ ನಕಲು ಕೇಳಲು ಬಂದ. ಯುದ್ಧದ ಕಾಲದಲ್ಲಿ ಪುಣೆಯ ಒಂದು ಮಿಲಿಟರಿ ಆಸ್ಪತ್ರೆಯಲ್ಲಿ ಮೂರು ವರ್ಷ ಇದ್ದವನು. ಗಾಯಗೊಂಡ ಸಿಪಾಯಿಗಳಿಗೆ ಕಸರತ್ತು ಮಾಡಿಸಿ, ಕೈಕಾಲು ಮತ್ತೆ ಆಡುವಂತೆ ಮಾಡುವ ವಾರ್ಡಿನಲ್ಲಿ ಡಾಕ್ಟರರ ಕೈಕೆಳಗೆ ದುಡಿದವನು. ಆ ಚಿಕಿತ್ಸೆಗೆ ಫಿಜಿಯೋಥೆರಪಿ ಎನ್ನುತ್ತಾರೆ.

ಪೆನ್ನು ಉರುಳಿದ್ದನ್ನು ನೋಡಿ ದುರ್ಗಪ್ಪ ಕೇಳಿದ: "ಹೆಗಡೇರೆ, ಬೆರಳು ಜೋಮು ಹಿಡೀತದ್ಯಾ?"

"ನಕಲು ನಾಳೆ ಸಿಗ್ತದೆ. ನನ್ನ ಬೆರಳಿನ ಸುದ್ದಿ ನಿಂಗೆಂತಕ್ಕೆ?"

"ಬೆರಳು ಆಡದಿದ್ರೆ ನಕಲು ನಾಳೆ ಹ್ಯಾಂಗೆ ಸಿಕ್ತದೆ? ಗುಂಡು ತಾಗಿದವ್ರನ್ನ ಕಂಡವ ನಾನು. ನಿಮಗೆ ತಾಗಿದ್ದು ಗುಂಡಲ್ಲ, ಡೆಸ್ಕು."

ಕಚೇರಿ ನಕ್ಕಿತು. ಹೆಗಡೆಯವರು ನಗಲಿಲ್ಲ. ಆ ಭಾನುವಾರವೇ ದುರ್ಗಪ್ಪನನ್ನು ಮನೆಗೆ ಕರೆಸಿದರು. ನಾನೂ ಹೋಗಿದ್ದೆ. ಅವನು ಮಾಡಿದ್ದರಲ್ಲಿ ಮಂತ್ರವಿಲ್ಲ, ಪೈಲ್ವಾನಗಿರಿಯೂ ಇಲ್ಲ. ಮೊದಲು ಕುತ್ತಿಗೆ, ಭುಜ, ಬೆರಳು ಎಲ್ಲವನ್ನೂ ಆಡಿಸಿ ನೋಡಿದ. ಮೇಲೆ ಕುತ್ತಿಗೆಯಲ್ಲಿ ನರ ಒತ್ತಿದರೆ ಕೆಳಗೆ ಬೆರಳಿಗೆ ಜೋಮು ಬರುತ್ತದೆ ಎಂದು ತೋರಿಸಿಕೊಟ್ಟ. ಬಿಸಿನೀರಿನ ಬಟ್ಟೆಯ ಶಾಖ ಕೊಡಿಸಿದ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದ. ಹಿಮ್ಮಡಿ, ಕುಂಡೆ, ಭುಜದ ಎಲುಬು ಗೋಡೆಗೆ ತಾಗಿದವು. ತಲೆ ಮಾತ್ರ ಗೋಡೆಯಿಂದ ಒಂದು ಮುಷ್ಟಿ ದೂರ ನಿಂತಿತು.

"ಗದ್ದ ಎತ್ಬೇಡಿ. ಹಿಂದೆ ದೂಡಿ, ಪೆಟ್ಟಿಗೆಯ ಖಾನೆ ಒಳಗೆ ದೂಡಿದ ಹಾಂಗೆ. ಎದೆ ಉಬ್ಬಿಸ್ಬೇಡಿ, ನೀವು ಪರೇಡಿಗೆ ಹೋಗೂದಲ್ಲ. ನೋವು ಜಾಸ್ತಿ ಆದ್ರೆ ನಿಲ್ಸಿಬಿಡಿ."

ಹೆಂಡತಿ ಮೂಕಾಂಬಿಕಾ ಅಡುಗೆ ಮನೆಯಿಂದ ಇಣುಕಿದರು. "ಎಂತಕ್ಕೆ ಗೋಡೆಗೆ ಅಂಟಿಕೊಂಡಿದ್ದು? ಗೋಡೆ ಎಲ್ಲಿಗೂ ಹೋಗ್ತಿಲ್ಲೆ."

"ಗೋಡೆ ಹೋಗ್ತಿಲ್ಲೆ. ನಾನೇ ಬೀಳ್ತೆ ಹೇಳಿ ಹೆದರಿಕೆ," ಎಂದರು ಹೆಗಡೆಯವರು. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಭುಜದ ಎಲುಬುಗಳನ್ನು ಹಿಂದೆ ಕೂಡಿಸಿ ಹಿಡಿದು ಹತ್ತು ಎಣಿಸುವುದು, ಅರ್ಧ ತಾಸಿಗೊಮ್ಮೆ ಎದ್ದು ನಿಲ್ಲುವುದು, ಕಂಬಳಿ ಮಡಿಸಿ ಕುಂಡೆಯ ಕೆಳಗೆ ಹಾಕಿ ಕೂರುವುದು. ಎಲ್ಲಕ್ಕಿಂತ ಮುಖ್ಯ ಡೆಸ್ಕು. "ಕಾಗದ ನಿಮ್ಮ ಹತ್ರ ಬರ್ಬೇಕು, ನೀವು ಕಾಗದದ ಹತ್ರ ಹೋಗೂದಲ್ಲ. ಮನೇಲಿ ಎಷ್ಟು ಕಸರತ್ತು ಮಾಡಿದ್ರೂ ದಿನಾ ಏಳು ತಾಸು ಮತ್ತೆ ಮುರಿದ್ಕಂಡ್ರೆ ಎಂತ ಬಂತು?" ಎಂದ ದುರ್ಗಪ್ಪ. ಹಲಗೆಯ ಆ ಎರಡು ತುಂಡು ಬಂದದ್ದು ಹೀಗೆ. ದಪ್ಪ ನಾಲ್ಕು ಬೆರಳು.

ಒಂದೇ ದಿನದಲ್ಲಿ ಏನೂ ಆಗಲಿಲ್ಲ. ಮೊದಲ ವಾರ ನೋವು ಜಾಗ ಬದಲಿಸಿತು, ಅಷ್ಟೇ. ಮೂರು ತಿಂಗಳಿಗೆ ತಲೆ ಗೋಡೆಗೆ ತಾಗಿತು. ಜೋಮು ಬಿಟ್ಟಿತು. ಮುತ್ತಿನಂಥ ಅಕ್ಷರ ಮರಳಿ ಬಂತು. ತಮ್ಮ ಕಚೇರಿಯಲ್ಲಿ ಬಾಕಿ ಬಿದ್ದಿದ್ದ ನಕಲುಗಳೆಲ್ಲ ಮುಗಿದದ್ದು ತಮಗೆ ನೆನಪಿರಬಹುದು. ಅದಕ್ಕಾಗಿ ಮೇಲಿನವರು ತಮ್ಮನ್ನು ಹೊಗಳಿದ ಪತ್ರವನ್ನು ಫೈಲಿಗೆ ಹಾಕಿದವನು ನಾನೇ.

ಈಗ ಮೆಮೋಗೆ ಬರೋಣ. ಅದರಲ್ಲಿ ಎರಡು ಆರೋಪ. ಒಂದು, ವರಿಷ್ಠರ ಡೆಸ್ಕಿಗೆ ಸರಿಸಮ ಬರುವಂತಿರುವ ಡೆಸ್ಕಿನಲ್ಲಿ ಕುಳಿತದ್ದು. ಅವಲ್‌ಕಾರಕೂನರು ಗೇಣು ಹಾಕಿ ಅಳೆದಿದ್ದಾರೆ. ಅವರದಕ್ಕಿಂತ ಇನ್ನೂ ಎರಡು ಬೆರಳು ಕೆಳಗೇ ಇದೆ, ಆದರೂ ಅದು "ಏರುವ ಲಕ್ಷಣ" ತೋರಿಸುತ್ತದಂತೆ. ಹಲಸಿನ ಹಲಗೆ ಬೆಳೆಯುತ್ತದೆ ಎಂಬುದು ಸಸ್ಯಶಾಸ್ತ್ರಕ್ಕೆ ಕಚೇರಿಯ ಕೊಡುಗೆ. ಎರಡು, ಸಾಹೇಬರ ಸವಾರಿ ಬಂದಾಗ ಹಿಂದಿನಂತೆ ಪೂರ್ತಿ ಬಾಗದೆ ಉದ್ಧಟತನ ತೋರಿದ್ದು. ನಾಗಪತಿಯವರ ಹಳೆಯ ನಡತೆ ಪತ್ರಿಕೆಗಳನ್ನು ನಾನು ಓದಿದ್ದೇನೆ. ವರ್ಷ ವರ್ಷವೂ ಒಂದೇ ಮಾತು: "ಅತ್ಯಂತ ವಿನಯಶೀಲ." ಸ್ವಾಮೀ, ಅದು ವಿನಯವಾಗಿರಲಿಲ್ಲ, ನರ ಒತ್ತಿದ್ದು! ಇಪ್ಪತ್ತೆರಡು ವರ್ಷ ಒಂದು ರೋಗವನ್ನು ಗುಣವೆಂದು ಬರೆದಿಟ್ಟಿರಿ. ರೋಗ ವಾಸಿಯಾದ ಕೂಡಲೇ ಗುಣ ಕೆಟ್ಟಿತು ಎನ್ನುತ್ತೀರಿ. ಕಳೆದ ವರ್ಷ ತಮ್ಮ ಕಚೇರಿಯ ಎದುರು ನೆಟ್ಟ ಧ್ವಜದ ಕಂಬವೂ ತಮ್ಮ ಮುಂದೆ ನೆಟ್ಟಗೇ ನಿಂತಿದೆ. ಅದಕ್ಕೆ ಇನ್ನೂ ಮೆಮೋ ಹೋಗಿಲ್ಲವೇಕೆ?

ನಾಗಪತಿಯವರು ಒಬ್ಬರೇ ಅಪರಾಧಿ ಎಂದು ತಿಳಿಯಬೇಡಿ. ಹಳೆಯ ಕಾಗದ ಇಡುವ ದಫ್ತರ ಕೋಣೆಯ ಸುಣ್ಣದ ಗೋಡೆಯನ್ನು ಒಮ್ಮೆ ನೋಡಿ. ಬಾಗಿಲ ಹಿಂದೆ ತಲೆಎಣ್ಣೆಯ ಐದು ಕಲೆಗಳಿವೆ, ಐದು ಎತ್ತರಗಳಲ್ಲಿ. ಒಂದು ಹೆಗಡೆಯವರದು. ಮಿಕ್ಕ ನಾಲ್ವರು ಯಾರು? ಯಾರೂ ಇಲ್ಲದಾಗ ಒಬ್ಬೊಬ್ಬರೇ ಹೋಗಿ ಗೋಡೆಗೆ ತಲೆ ತಾಗಿಸಿ ಬರುವವರು ಯಾರು? ಹೆಸರು ಹೇಳಲಾರೆ. ಎಲ್ಲಕ್ಕಿಂತ ಮೇಲಿನ ಕಲೆ ಬಾಗಿಲ ಮೇಲಿನ ಚಿಲಕದ ಮಟ್ಟಕ್ಕಿದೆ. ಅಷ್ಟು ಎತ್ತರದವರು ಆ ಕಚೇರಿಯಲ್ಲಿ ಒಬ್ಬರೇ ಇದ್ದಾರೆ, ಮತ್ತು ಗೇಣು ಹಾಕಿ ಅಳೆಯುವುದು ಅವರಿಗೆ ಚೆನ್ನಾಗಿ ಬರುತ್ತದೆ.

ಮೊನ್ನೆ ಮೆಮೋ ಕೈಗೆ ಬಂದಾಗ ಹೆಗಡೆಯವರು ಅದನ್ನು ಎರಡು ಸಲ ಓದಿ ಮಡಿಸಿಟ್ಟರು. "ಬಿಡು ಮಾಬ್ಲೇಶ್ವರ. ಬಾಗೂದು ನಂಗೆ ಹೊಸತಲ್ಲ. ಸೋಮವಾರ ತೆಗೆದುಬಿಡ್ತೇನೆ," ಎಂದರು. ಹೇಳುವಾಗಲೇ ಅವರ ಎಡಗೈ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿತ್ತು. ನನಗೆ ಸಿಟ್ಟು ಬಂದದ್ದು ಮೆಮೋ ಕಂಡಲ್ಲ, ಆ ಎಡಗೈ ಕಂಡು. ಸಾಹೇಬರಿಗೆ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆಯಲೇ ಎಂದು ಕೇಳಿದೆ. ಮಡಿಸಿದ ಮೆಮೋವನ್ನು ನನ್ನ ಕೈಗೆ ಕೊಟ್ಟು, "ಬರೆ. ಅಕ್ಷರ ಮಾತ್ರ ದುಂಡಗಿರ್ಲಿ" ಎಂದರು.

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಕಚೇರಿಗೆ ಕುರ್ಚಿ ಮೇಜು ತರಿಸಿ ಎಂದು ಕೇಳುವುದಿಲ್ಲ. ಎಲ್ಲ ಡೆಸ್ಕುಗಳೂ ಬರೆಯುವವನ ಮೈಗೆ ತಕ್ಕಂತಿರಲಿ, ದರ್ಜೆಗೆ ತಕ್ಕಂತಲ್ಲ. ಅರ್ಧ ತಾಸಿಗೊಮ್ಮೆ ಎದ್ದು ನಿಲ್ಲುವುದನ್ನು ಸೋಮಾರಿತನವೆಂದು ಬರೆಯುವುದು ನಿಲ್ಲಲಿ. ವಾರಕ್ಕೊಂದು ದಿನ ದುರ್ಗಪ್ಪ ಕಚೇರಿಗೆ ಬಂದು ಕಾರಕೂನರಿಗೆ ಕಸರತ್ತು ಹೇಳಿಕೊಡಲು ಅಪ್ಪಣೆಯಾಗಲಿ. ಇದಕ್ಕೆಲ್ಲ ಮೊದಲು, ಆ ಹುಕುಮನ್ನು ಜಾರಿ ಮಾಡುವ ಮುಂಚೆ ತಾವು ಒಂದು ಕೆಲಸ ಮಾಡಬೇಕು. ಹಲಗೆ ತೆಗೆದ ಆ ಡೆಸ್ಕಿನ ಮುಂದೆ, ಅದೇ ಜಮಖಾನೆಯ ಮೇಲೆ ಕೂತು, ಬರೀ ಒಂದು ತಾಸು ನಕಲು ಬರೆಯಬೇಕು. ದುರ್ಗಪ್ಪ ಪಕ್ಕದಲ್ಲಿರುತ್ತಾನೆ, ತಮ್ಮ ಕುತ್ತಿಗೆಗೆ ಏನಾದರೂ ಆದರೆ ಶಾಖಕ್ಕೆ ಬಿಸಿನೀರು ನಾನು ತರುತ್ತೇನೆ. ತಾಸು ಕಳೆದ ಮೇಲೆ ತಮ್ಮ ಬೆರಳುಗಳು ಇನ್ನೂ ಒಪ್ಪಿದರೆ, ಅದೇ ಪೆನ್ನಿನಿಂದ ನಾಗಪತಿ ಹೆಗಡೆಯವರನ್ನು ಕೆಲಸದಿಂದ ತೆಗೆದು ರುಜು ಹಾಕಿ. ನಾವು ಮೂವರೂ ಕಚೇರಿಯ ಜಗಲಿಯಲ್ಲಿ, ಹಲಗೆಯ ಎರಡು ತುಂಡುಗಳನ್ನು ಕೈಯಲ್ಲಿ ಹಿಡಿದು, ತಮ್ಮನ್ನು ಕಾಯುತ್ತಿರುತ್ತೇವೆ: ಬರುವ ಸೋಮವಾರ, ಬೆಳಿಗ್ಗೆ ಸರಿಯಾಗಿ ಹನ್ನೊಂದು ಗಂಟೆಗೆ.

ಇಂತಿ,
ತಮ್ಮ ಕಚೇರಿಯ ಉಮೇದುವಾರರ ಪಟ್ಟಿಯಲ್ಲಿ ಈ ಪತ್ರ ಅಚ್ಚಾಗುವವರೆಗೆ ಮೂರನೆಯವನಾಗಿದ್ದ,
ಕರ್ಕಿಯ ಮಾಬ್ಲೇಶ್ವರ