ಇಳಿಸಿದ ಶ್ರುತಿ

ಶಂಕರಪುರಂ
ಗುರುವಾರ

ಅಪ್ಪನಿಗೆ ನಮಸ್ಕಾರ.

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಿದ್ದೇನೆ. ನನ್ನ ರೇಡಿಯೊ ಸಂದರ್ಶನ ಕೇಳಿದ ದಿನದಿಂದ ನೀವು ಮಾತು ಬಿಟ್ಟಿದ್ದೀರಿ.

"ಗಿಟಾರ್ ಶ್ರುತಿ ಯಾಕ್ ಇಷ್ಟು ಇಳಿಸ್ತೀರಾ? ಯಾವ ಕಾಲದ ಪ್ರಭಾವ?" ಎಂದು ನಿರೂಪಕರು ಕೇಳಿದರು. "ಎಪ್ಪತ್ತರ ದಶಕದ ಇಂಗ್ಲಿಷ್ ರಾಕ್" ಎಂದುಬಿಟ್ಟೆ. ಎಂಬತ್ತರ ದಶಕದಲ್ಲಿ ಚಾಮರಾಜಪೇಟೆಯ ಗಣೇಶನ ಪೆಂಡಾಲುಗಳಲ್ಲಿ ನೀವು ಗಿಟಾರ್ ನುಡಿಸಿ ಅಮ್ಮ ಹಾಡುತ್ತಿದ್ದ ಆರ್ಕೆಸ್ಟ್ರಾದ ಹೆಸರು ಹೇಳಲು ನಾಚಿಕೆಯಾಯಿತು. ಅಮ್ಮನ ದನಿ ಮೇಲೇರದೆಂದು ನೀವು ತಂತಿ ಸಡಿಲಿಸುತ್ತಿದ್ದಿರಿ. ಆ ಗಿಟಾರಿನಲ್ಲೇ ನಾನು ಕಲಿತದ್ದು.

ಇವತ್ತು ಅದರ ಪೆಟ್ಟಿಗೆ ತೆರೆದರೆ, ತಂತಿಗಳೆಲ್ಲ ಊರಿನವರೆಲ್ಲರ ಗಿಟಾರುಗಳ ಮಾಮೂಲಿ ಶ್ರುತಿಗೆ ಏರಿವೆ. ಅಮ್ಮ ಹೋಗಿ ಆರು ವರ್ಷವಾದರೂ ನೀವು ಹಾಗೆ ಬಿಗಿದಿರಲಿಲ್ಲ.

ಇಷ್ಟು ದಿನ ಶ್ರುತಿ ಮಾಡಿಕೊಡುತ್ತಿದ್ದವರು ನೀವೇ. ಮೊಬೈಲಿನ ಟ್ಯೂನರ್ ನೋಡಿ ನಾನೇ ಅರ್ಧ ಸ್ವರ ಇಳಿಸಿದೆ. ಸರಿಹೋಗಲಿಲ್ಲ. ಭಾನುವಾರ ಬಸವನಗುಡಿಯಲ್ಲಿ ಕಾರ್ಯಕ್ರಮವಿದೆ. ಮಾತಾಡದಿದ್ದರೂ ಚಿಂತೆಯಿಲ್ಲ, ಅಷ್ಟರೊಳಗೆ ಇಳಿಸಿಕೊಡಿ. ಅಮ್ಮನ ದನಿ ಎಲ್ಲಿಗೆ ನಿಲ್ಲುತ್ತಿತ್ತೆಂಬುದು ನಿಮ್ಮ ಕಿವಿಗೆ ಮಾತ್ರ ಗೊತ್ತು.

ಗಿಟಾರನ್ನು ನಿಮ್ಮ ಕುರ್ಚಿಯ ಪಕ್ಕ ಇಟ್ಟಿರುವ,
ಸುಪ್ರಜಾ